ಕನಕಾಂಬರ ಬಾಡಿದರೆ ಮೊದಲು ಬೇರು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನಕಾಂಬರದ್ದೇ. ಕರಾವಳಿ ಕಡೆಯವರು ಅಬ್ಬಲಿಗೆ ಅಂತ ಬರೆದಿದ್ದಾರೆ, ಅದೂ ಇದೇ ಹೂ. ಹಾಗಾಗಿ ಗುಲಾಬಿ, ದಾಸವಾಳ ಕೇಳಿದವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಇವತ್ತು ಇದೊಂದೇ ಗಿಡ.

ಪ್ರಶ್ನೆ: ಸರ್, ನಮ್ಮ ತಾರಸಿಯಲ್ಲಿ ಎಂಟು ಕುಂಡ ಕನಕಾಂಬರ ಇದೆ. ಮೊದಲ ವರ್ಷ ದಿನ ಬಿಟ್ಟು ದಿನ ಒಂದು ಮೊಳ ಕಟ್ಟುವಷ್ಟು ಹೂ ಸಿಗುತ್ತಿತ್ತು. ಈಗ ಎಲೆ ಬಿಳಿಚಿಕೊಂಡಿದೆ, ಹೂ ಸಣ್ಣದಾಗಿದೆ. ಮಧ್ಯಾಹ್ನ ಗಿಡ ಜೋತು ಬೀಳುತ್ತದೆ, ಸಂಜೆ ಮತ್ತೆ ಏಳುತ್ತದೆ. ಮಣ್ಣು ಮಾತ್ರ ಒದ್ದೆಯಾಗಿಯೇ ಇರುತ್ತದೆ. ನೀರು ಜಾಸ್ತಿ ಮಾಡಿದೆ, ಸಗಣಿ ಗೊಬ್ಬರ ಹಾಕಿದೆ, ಯೂರಿಯಾನೂ ಕೊಟ್ಟೆ. ಎರಡು ಗಿಡ ಸತ್ತವು. ಅದೇ ಕುಂಡದಲ್ಲಿ ಹೊಸ ಗಿಡ ನೆಟ್ಟರೆ ಅದೂ ಅದೇ ದಾರಿ ಹಿಡಿದಿದೆ. ಏನು ಮಾಡಲಿ? (ತುಮಕೂರಿನ ಓದುಗರು)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮಣ್ಣು ಒದ್ದೆ ಇದೆ, ಗಿಡ ಬಾಡುತ್ತಿದೆ. ಅಂದರೆ ನೀರು ಇದೆ, ಕುಡಿಯುವ ಬಾಯಿ ಕೆಟ್ಟಿದೆ. ಇದು ಬೇರಿನ ತೊಂದರೆ. ಎಲೆಗೆ ಏನು ಸಿಂಪಡಿಸಿದರೂ, ಮೇಲಿಂದ ಎಷ್ಟು ಗೊಬ್ಬರ ಸುರಿದರೂ ಪ್ರಯೋಜನವಿಲ್ಲ.

ತೀರಾ ಸೊರಗಿದ ಒಂದು ಗಿಡ ಆರಿಸಿಕೊಳ್ಳಿ. ಕುಂಡ ಬೋರಲು ಹಾಕಿ ಗಿಡವನ್ನು ಮಣ್ಣುಹೆಂಟೆ ಸಮೇತ ಹೊರಗೆ ತೆಗೆಯಿರಿ. ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಮಣ್ಣು ಬಿಡಿಸಿ. ಕಿತ್ತು ಎಳೆಯಬೇಡಿ, ನೋಡಬೇಕಾದ ಸಣ್ಣ ಬೇರುಗಳೇ ಹರಿದು ಹೋಗುತ್ತವೆ. ಆಮೇಲೆ ಬಿಳಿ ಬಟ್ಟೆ ಮೇಲೆ ಹರಡಿ ಬೆಳಕಲ್ಲಿ ನೋಡಿ.

ಬೇರಿನ ಮೇಲೆ ಸಾಸಿವೆ, ರಾಗಿ ಕಾಳಿನಷ್ಟು ಗಂಟುಗಳು ಸಾಲಾಗಿ ಇದ್ದರೆ ಅದು ಬೇರುಗಂಟು ಜಂತುಹುಳು. ನೆಮಟೋಡ್ ಅಂತಾರಲ್ಲ, ಅದೇ. ಶೇಂಗಾ ಬೇರಿನಲ್ಲೂ ಗಂಟು ಇರುತ್ತದಲ್ಲ ಅಂತ ಕೇಳಬಹುದು. ಶೇಂಗಾದ ಗಂಟು ಉಗುರಲ್ಲಿ ಒರೆಸಿದರೆ ಕಳಚಿ ಬರುತ್ತದೆ, ಅದು ಗಿಡಕ್ಕೆ ಒಳ್ಳೆಯದು. ಇದು ಕಳಚುವುದಿಲ್ಲ. ಬೇರೇ ಊದಿಕೊಂಡು ಗಂಟಾಗಿರುತ್ತದೆ. ಹುಳು ಒಳಗೆ ಕೂತು ರಸ ಹೀರುತ್ತಿರುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಬಿಸಿಲಿಗೆ ಸುಮಾರು ಒಂದು ತಿಂಗಳಲ್ಲಿ ಮುಂದಿನ ತಲೆಮಾರು ತಯಾರು. ಹೊಸ ಗಿಡ ಅದೇ ಕುಂಡದಲ್ಲಿ ಯಾಕೆ ಸೊರಗಿತು ಅಂತ ಈಗ ಗೊತ್ತಾಯಿತು ಅಲ್ವಾ? ಹಸಿದು ಕೂತವರ ಮುಂದೆ ಎಲೆ ಹಾಕಿ ಬಡಿಸಿದಂತೆ ಆಯಿತು.

ಗಂಟು ಕಾಣದಿದ್ದರೆ ಹುಳು ಇಲ್ಲ ಅಂತ ಖುಷಿಪಡಬೇಡಿ. ಕನಕಾಂಬರಕ್ಕೆ ಇನ್ನೊಂದು ಬಗೆಯ ಜಂತುಹುಳುವೂ ಬರುತ್ತದೆ. ಅದು ಗಂಟು ಮಾಡುವುದಿಲ್ಲ, ಬೇರಿನ ಉದ್ದಕ್ಕೂ ಕಂದು, ಕಪ್ಪು ಗಾಯ ಮಾಡುತ್ತದೆ. ಬೇರು ಮೋಟಾಗಿ, ಪೊರಕೆ ಸವೆದ ಹಾಗೆ ಕಾಣುತ್ತದೆ. ಈ ಗಾಯಗಳಿಂದ ಸೊರಗು ರೋಗದ ಶಿಲೀಂಧ್ರ ಒಳಗೆ ನುಗ್ಗುತ್ತದೆ. ನಿಮ್ಮ ಎರಡು ಗಿಡ ಪೂರ್ತಿ ಸತ್ತದ್ದು ಬಹುಶಃ ಹೀಗೆ. ಇನ್ನು, ಬೇರು ಮೆತ್ತಗಾಗಿ ಸಿಪ್ಪೆ ಸುಲಿದು ಬಂದು ವಾಸನೆ ಹೊಡೆದರೆ ಅದು ನೀರು ಜಾಸ್ತಿಯಾಗಿ ಕೊಳೆತದ್ದು. ಕುಂಡದ ತೂತು ಮುಚ್ಚಿದೆಯಾ ನೋಡಿ.

ಬೇರು ಬೆಳ್ಳಗೆ, ಗಟ್ಟಿಯಾಗಿ ಚೆನ್ನಾಗಿಯೇ ಇದ್ದು ಎಲೆ ಮಾತ್ರ ಹಳದಿ ಆಗಿದ್ದರೆ ಕಥೆ ಬೇರೆ. ಹೊಸ ಎಲೆಗಳೇ ಹಳದಿ, ನರಗಳು ಮಾತ್ರ ಹಸಿರು ಅಂತಿದ್ದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಕಡೆ ಇದು ಮಾಮೂಲು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ ಸಾಕು. ತಾರಸಿ ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲ, ಆಮೇಲೆ ಮನೆಯವರು ನನ್ನನ್ನು ಬೈಯಬಾರದು.

ಗಂಟು ಇದೆ ಅಂತಲೇ ಇಟ್ಟುಕೊಳ್ಳೋಣ. ಆ ಗಿಡವನ್ನು ಆ ಕುಂಡದಲ್ಲೇ ಉಳಿಸುತ್ತೇನೆ ಅಂತ ಹಟ ಹಿಡಿಯಬೇಡಿ. ನಾನೂ ಒಂದು ಕಾಲದಲ್ಲಿ ಹಿಡಿದಿದ್ದೆ. ಎರಡು ವರ್ಷ ಔಷಧಿ, ಕಷಾಯ ಅಂತ ಸುರಿದು, ಕೊನೆಗೆ ಆರು ಕುಂಡದ ಮಣ್ಣನ್ನು ಅಂಗಳದ ಮೂಲೆಗೆ ಹಾಕಿದೆ. ಆಮೇಲೆ ಅದೇ ಮೂಲೆಯಲ್ಲಿ ಬದನೆ ನೆಟ್ಟು ಅದನ್ನೂ ಕಳೆದುಕೊಂಡೆ. ಬದನೆ, ಟೊಮೆಟೊ, ಬೆಂಡೆ ಎಲ್ಲವೂ ಈ ಹುಳುವಿಗೆ ಇಷ್ಟ. ಮಣ್ಣು ಎಸೆಯುವಾಗ ಎಲ್ಲಿ ಎಸೆಯುತ್ತೀರಿ ಅನ್ನುವುದೂ ಮುಖ್ಯ.

ಸಮಾಧಾನದ ವಿಷಯ ಏನೆಂದರೆ, ಹುಳು ಇರುವುದು ಬೇರಿನಲ್ಲಿ, ಕುಡಿಯಲ್ಲಲ್ಲ. ಹಾಗಾಗಿ ಗಿಡದ ತಲೆ ಉಳಿಸಿ, ಬುಡ ಬಿಟ್ಟುಬಿಡಿ. ಇದ್ದುದರಲ್ಲಿ ಹಸಿರಾಗಿರುವ, ತೆನೆ ಬಂದಿರದ ಕುಡಿಗಳನ್ನು ನಾಲ್ಕೈದು ಇಂಚು ಉದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮೇಲೆ ನಾಲ್ಕು ಎಲೆ ಬಿಡಿ. ಅರ್ಧ ಮರಳು, ಅರ್ಧ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಇರುವ ಲೋಟದಲ್ಲಿ ಒಂದು ಗೆಣ್ಣಾದರೂ ಒಳಗೆ ಹೋಗುವಂತೆ ಊರಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ನೆರಳಲ್ಲಿ ಇಡಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಮುಂಗಾರು ಶುರುವಾದ ಮೇಲೆ ಮಾಡಿದರೆ ಸೋಲುವುದು ಕಡಿಮೆ. ಊರಿದ ಕಡ್ಡಿಯನ್ನು ದಿನಾ ಎಳೆದು ನೋಡುವ ಚಪಲ ಮಾತ್ರ ಬಿಡಬೇಕು.

ಹಳೇ ಮಣ್ಣನ್ನು ಎಸೆಯಲು ಜಾಗ ಇಲ್ಲದವರು ಬಿಸಿಲಿಗೆ ಬೇಯಿಸಿ. ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ತುಂಬಿ ಬಾಯಿ ಕಟ್ಟಿ, ತಾರಸಿ ಮೇಲೆ ಮಲಗಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ನಾಲ್ಕರಿಂದ ಆರು ವಾರ. ನಡುವೆ ಒಮ್ಮೆ ಮಗ್ಗುಲು ಬದಲಿಸಿ. ಒಣ ಮಣ್ಣಾದರೆ ಕಾವು ಒಳಗೆ ಇಳಿಯುವುದಿಲ್ಲ, ಅದಕ್ಕೇ ಒದ್ದೆ ಮಾಡುವುದು. ಕುಂಡವನ್ನೂ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ.

ಆ ಮಣ್ಣಿಗೆ ಹತ್ತಿಪ್ಪತ್ತು ದಿನ ಮೊದಲೇ ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿಡಿ. ನೆಡುವ ದಿನವೇ ಹಾಕಿದರೆ ಹಿಂಡಿ ಕಳಿಯುವಾಗಿನ ಬಿಸಿ ಎಳೆ ಬೇರಿಗೆ ತಟ್ಟುತ್ತದೆ. ಹಿಂಡಿ ಜೊತೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಪುಡಿ ಒಂದು ಚಮಚ ಬೆರೆಸಿದರೆ ಶಿಲೀಂಧ್ರದ ಕಾಟಕ್ಕೂ ಆಯಿತು. ಮುಂದೆ ಮೂರು ತಿಂಗಳಿಗೊಮ್ಮೆ ಮತ್ತೊಂದು ಹಿಡಿ ಹಿಂಡಿ.

ಕುಂಡದಲ್ಲಿ ಒಂದು ಚೆಂಡುಹೂ ಗಿಡ ನೆಟ್ಟರೆ ಸಾಕಂತೆ ಅಂತ ಇನ್ನೂ ಹಲವರು ಬರೆದಿದ್ದಾರೆ. ಪೂರ್ತಿ ಸುಳ್ಳಲ್ಲ, ಆದರೆ ಅಷ್ಟು ಸುಲಭವೂ ಅಲ್ಲ. ಚೆಂಡುಹೂವಿನ ಬೇರಿನಲ್ಲಿರುವ ರಾಸಾಯನಿಕ ಈ ಹುಳುಗಳಿಗೆ ಆಗುವುದಿಲ್ಲ. ಆದರೆ ಮಣ್ಣಿನ ತುಂಬ ಆ ಬೇರು ಹರಡಬೇಕು, ಎರಡು ಮೂರು ತಿಂಗಳು ಇರಬೇಕು. ಕನಕಾಂಬರದ ಪಕ್ಕ ಶಾಸ್ತ್ರಕ್ಕೆ ಒಂದು ಗಿಡ ನೆಟ್ಟರೆ ಪೂಜೆಗೆ ಹೂ ಸಿಗುತ್ತದೆ, ಅಷ್ಟೇ. ಅಂಗಳದಲ್ಲಿ ಮಡಿ ಇರುವವರು ಒಂದು ಹಂಗಾಮು ಪೂರ್ತಿ ಚೆಂಡುಹೂ ಬೆಳೆದು, ಬೇರನ್ನು ಮಣ್ಣಲ್ಲೇ ಬಿಟ್ಟು, ಆಮೇಲೆ ಕನಕಾಂಬರ ಹಾಕಲಿ. ಅದು ಕೆಲಸ ಮಾಡುತ್ತದೆ.

ಕೊನೆಯದಾಗಿ, ಹೊಸ ಗಿಡ ತರುವಾಗ ನರ್ಸರಿಯಲ್ಲೇ ಕವರ್ ಸ್ವಲ್ಪ ಬಿಡಿಸಿ ಬೇರು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹುಳು ಮನೆಗೆ ಬರುವುದೇ ಆ ಮಣ್ಣಿನ ಜೊತೆ.

ಪ್ರಶ್ನೆ: ನಮ್ಮ ಅತ್ತೆ ಮನೆಯ ಕನಕಾಂಬರದಲ್ಲಿ ಬೀಜ ಆಗುತ್ತದೆ, ಹಿಡಿಯಲು ಹೋದರೆ ಸಿಗುವುದಿಲ್ಲ. ನಾನು ನರ್ಸರಿಯಿಂದ ತಂದದ್ದರಲ್ಲಿ ಬೀಜವೇ ಆಗುವುದಿಲ್ಲ. ಗಿಡದಲ್ಲಿ ಏನಾದರೂ ದೋಷವಾ? (ಹಾವೇರಿಯ ಓದುಗರು)

ಉತ್ತರ: ದೋಷ ಏನಿಲ್ಲ, ತಳಿ ಬೇರೆ. ನಿಮ್ಮದು ಬಹುಶಃ ಡೆಲ್ಲಿ ಕನಕಾಂಬರ. ಹೂ ದೊಡ್ಡದು, ಬಣ್ಣ ಗಾಢ, ಮಾರುಕಟ್ಟೆಯಲ್ಲಿ ಬೆಲೆಯೂ ಜಾಸ್ತಿ. ಮಾಮೂಲಿ ಗಿಡದಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿ ಇರುತ್ತವೆ, ಇದರಲ್ಲಿ ಮೂರು ಮೂರು. ಬೀಜ ಕಟ್ಟುವಾಗ ಸಮ ಪಾಲು ಆಗುವುದಿಲ್ಲ, ಹಾಗಾಗಿ ಕಾಯಿ ಜೊಳ್ಳು. ಇದನ್ನು ಕಡ್ಡಿಯಿಂದಲೇ ಬೆಳೆಸಬೇಕು, ಮೇಲೆ ಹೇಳಿದ ಹಾಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕ ಅಂಬರ, ಅರ್ಕ ಕನಕ, ಅರ್ಕ ಶ್ರೀಯಾ ಅಂತ ತಳಿಗಳನ್ನು ಬಿಟ್ಟಿದ್ದಾರೆ. ಸಿಕ್ಕರೆ ಅವನ್ನೂ ಬೆಳೆಸಿ ನೋಡಿ.

ಇನ್ನು ಅತ್ತೆ ಮನೆ ಗಿಡ. ಅದರ ಒಣಗಿದ ಕಾಯಿಗೆ ನೀರು ಸೋಕಿದರೆ ಸಾಕು, ಟಪ್ ಅಂತ ಸಿಡಿದು ಬೀಜ ದೂರ ಎಸೆಯುತ್ತದೆ. ಚಿಕ್ಕಂದಿನಲ್ಲಿ ಪಟಾಕಿ ಕಾಯಿ ಅಂತ ಬಾಯಲ್ಲಿ ಎಂಜಲು ಮಾಡಿ ಸಿಡಿಸುತ್ತಿದ್ದೆವಲ್ಲ, ಆ ನೀಲಿ ಹೂವಿನ ಗಿಡವೂ ಇದೂ ಒಂದೇ ಕುಟುಂಬ. ಆದ್ದರಿಂದ ತೆನೆ ಕಂದು ಬಣ್ಣಕ್ಕೆ ತಿರುಗಿದಾಗ, ಇಬ್ಬನಿ ಪೂರ್ತಿ ಆರಿದ ಮೇಲೆ, ಒಣ ಬಿಸಿಲಲ್ಲಿ ತೆನೆ ಸಮೇತ ಕತ್ತರಿಸಿ. ಮುಚ್ಚಳ ಇರುವ ಡಬ್ಬಿಗೆ ಹಾಕಿ ಎರಡು ಹನಿ ನೀರು ಚಿಮುಕಿಸಿ ಮುಚ್ಚಿಬಿಡಿ. ಒಳಗೇ ಸಿಡಿಯುತ್ತವೆ. ಒಂದು ಕಾಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ನೆರಳಲ್ಲಿ ಒಣಗಿಸಿ, ತುಂಬ ದಿನ ಇಡದೆ ಬಿತ್ತಿ. ಮಕ್ಕಳಿದ್ದರೆ ಡಬ್ಬಿ ಅವರ ಕೈಗೆ ಕೊಡಿ, ಕಿವಿಗೆ ಹಿಡಿದು ಕೂರುತ್ತಾರೆ.

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟ್ ಬಾಲ್ಕನಿ. ಗಿಡ ಸೊಂಪಾಗಿದೆ, ಎಲೆ ಹೊಳೆಯುತ್ತದೆ, ಹೂ ಮಾತ್ರ ವಾರಕ್ಕೆ ನಾಲ್ಕೈದು. ಕನಕಾಂಬರಕ್ಕೆ ನೆರಳೇ ಸಾಕು ಅಂದಿದ್ದರು.

ಉತ್ತರ: ನೆರಳು ತಡೆಯುತ್ತದೆ, ಹೂ ಬಿಡಲು ಬಿಸಿಲೇ ಬೇಕು. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಕಡೆ ಸರಿಸಿ. ಸಾರಜನಕದ ಗೊಬ್ಬರ ಎರಡು ತಿಂಗಳು ನಿಲ್ಲಿಸಿ. ನೀವು ಹೂ ಬಿಡಿಸುವಾಗ ತೆನೆಯನ್ನೇ ಚಿವುಟುತ್ತಿಲ್ಲ ತಾನೆ? ತೆನೆ ಬುಡದಿಂದ ತುದಿಗೆ ಅರಳುತ್ತಾ ಹೋಗುತ್ತದೆ, ಮುಗಿಯಲು ಎರಡು ಮೂರು ವಾರ ಬೇಕು. ಹೂ ಮಾತ್ರ ಮೆಲ್ಲಗೆ ಎಳೆದು ತೆಗೆಯಬೇಕು. ಪೂರ್ತಿ ಅರಳಿ ಮುಗಿದ ತೆನೆಯನ್ನು, ಬೀಜ ಬೇಡವಾದರೆ, ಕೂಡಲೇ ಕತ್ತರಿಸಿ. ಕೆಳಗಿನ ಗೆಣ್ಣಿನಿಂದ ಹೊಸ ತೆನೆ ಬರುತ್ತದೆ.

ಮತ್ತೊಂದು ಮಾತು. ಎರಡು ಕುಂಡದಿಂದ ದಿನಾ ಮಾಲೆ ನಿರೀಕ್ಷಿಸಬೇಡಿ. ಈ ಹೂ ಎಷ್ಟು ಹಗುರ ಅಂದರೆ ಒಂದು ಕೆಜಿಗೆ ಸುಮಾರು 15,000 ಬೇಕು. ಮಾರುಕಟ್ಟೆಯಲ್ಲಿ ಬೆಲೆ ಕೇಳಿ ಹೌಹಾರುವವರು ಬಿಡಿಸಿದ ಕೈಗಳನ್ನೂ ಒಮ್ಮೆ ನೆನೆಯಬೇಕು.

ಪ್ರಶ್ನೆ: ತೆನೆ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು, ಇರುವೆ ಸಾಲು. (ಮೈಸೂರು)

ಉತ್ತರ: ಹಿಟ್ಟು ತಿಗಣೆ. ಜಾಸ್ತಿ ಹತ್ತಿದ ತೆನೆ ಕತ್ತರಿಸಿ, ಉಳಿದದ್ದನ್ನು ನೀರಿನ ರಭಸಕ್ಕೆ ತೊಳೆಯಿರಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ದ್ರಾವಣ ಸೇರಿಸಿ ವಾರಕ್ಕೊಮ್ಮೆ ಮೂರು ಸಲ ಹೊಡೆಯಿರಿ. ಇರುವೆ ತಡೆಯದಿದ್ದರೆ ತಿಗಣೆ ಹೋಗುವುದಿಲ್ಲ, ಇರುವೆಯೇ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ.

ಪ್ರಶ್ನೆ: ನಾವಿರುವುದು ಜರ್ಮನಿಯಲ್ಲಿ. ಇಲ್ಲಿ ಕುಂಡದಲ್ಲಿ ಕನಕಾಂಬರ ಮಾರುತ್ತಿದ್ದರು, ಊರಿನ ನೆನಪಾಗಿ ತಂದೆ. ಡಿಸೆಂಬರ್‌ನಲ್ಲಿ ಎಲೆ ಎಲ್ಲ ಉದುರುತ್ತಿದೆ.

ಉತ್ತರ: ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು. ಅಲ್ಲಿ ಮನೆಯೊಳಗಿನ ಗಿಡ ಅಂತಲೇ ಇದನ್ನು ಮಾರುತ್ತಾರೆ. 15 ಡಿಗ್ರಿಗಿಂತ ಕೆಳಗೆ ಇಳಿದರೆ ಮುನಿಸಿಕೊಳ್ಳುತ್ತದೆ. ಹೀಟರ್‌ನ ಒಣ ಗಾಳಿಯೂ ಆಗುವುದಿಲ್ಲ. ದಕ್ಷಿಣದ ಕಿಟಕಿ ಹತ್ತಿರ, ಗಾಜಿಗೆ ತಾಗದಂತೆ ಇಡಿ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಟ್ಟರೆ ಸುತ್ತ ಸ್ವಲ್ಪ ತೇವ ಇರುತ್ತದೆ. ಕುಂಡದ ಬುಡ ನೀರಲ್ಲಿ ಮುಳುಗಬಾರದು. ಕಾಂಡವನ್ನು ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಮಾರ್ಚ್‌ವರೆಗೆ ಗೊಬ್ಬರ ಬೇಡ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಉಗುರುಬೆಚ್ಚಗಿನ ನೀರು. ಬಿಸಿಲು ಏರಿದ ಮೇಲೆ ಅರ್ಧಕ್ಕೆ ಕತ್ತರಿಸಿ ಬಿಡಿ, ಚಿಗುರುತ್ತದೆ.