ಸ್ಕಂಕ್ ರಾತ್ರಿ ಎಷ್ಟು ದೂರ ಅಲೆಯುತ್ತದೆ? ಚಳಿಗಾಲದಲ್ಲಿ ಯಾಕೆ ಕಾಣುವುದಿಲ್ಲ?

ಸ್ಕಂಕ್ ಅಂದರೆ ಹೆದರಿದಾಗ ಗಬ್ಬುನಾತದ ದ್ರವ ಚಿಮ್ಮಿಸುವ, ಬೆಕ್ಕಿನಷ್ಟು ದೊಡ್ಡ ಕಾಡುಪ್ರಾಣಿ. ಉತ್ತರ ಅಮೆರಿಕದ ಪಟ್ಟೆ ಸ್ಕಂಕ್ ಸಾಮಾನ್ಯವಾಗಿ ಕೆಲವೇ ಚದರ ಕಿಲೋಮೀಟರ್ ಜಾಗದೊಳಗೆ ಓಡಾಡಿಕೊಂಡಿರುತ್ತದೆ. ಮುಸ್ಸಂಜೆಗೆ ಬಿಲ ಬಿಟ್ಟರೆ ಬೆಳಗಿನ ಜಾವದವರೆಗೂ ಹುಡುಕಾಟ. ಎಲ್ಲವೂ ಹೊಟ್ಟೆಪಾಡಿಗೆ. ಅದು ತಿನ್ನುವುದು ಜಾಸ್ತಿ ಹುಳುಹುಪ್ಪಟೆ. ಮೂಗನ್ನು ನೆಲಕ್ಕೆ ಹಚ್ಚಿ, ಮುಂಗಾಲಿನ ಉದ್ದ ಉಗುರುಗಳಿಂದ ಹುಲ್ಲಿನಡಿ ಕೆರೆದು ಹುಳು ತೆಗೆಯುತ್ತದೆ. ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಪುಟ್ಟ ಗುಂಡಿಗಳು. ಹತ್ತಿರವೇ ಸಿಕ್ಕರೆ ಸುಮ್ನೆ ದೂರ ಯಾಕೆ ಹೋಗಬೇಕು, ಅಲ್ವಾ? ಗಂಡು ಮಾತ್ರ ಫೆಬ್ರವರಿ, ಮಾರ್ಚ್‌ನಲ್ಲಿ ಹೆಣ್ಣನ್ನು ಹುಡುಕುತ್ತಾ ಬಹಳ ದೂರ ಅಲೆಯುತ್ತದೆ.

ಕೊರೆಯುವ ಚಳಿಯಲ್ಲಿ ಹುಳು ಸಿಗುವುದಿಲ್ಲ. ಆಗ ಹಲವು ಹೆಣ್ಣುಗಳು ಒಂದೇ ಬಿಲದಲ್ಲಿ ಒತ್ತಿಕೊಂಡು ಮಲಗಿ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ದಿನ ದೂಡುತ್ತವೆ. ಇದು ಪೂರ್ತಿ ಚಳಿನಿದ್ದೆಯಲ್ಲ. ಚಳಿ ಸ್ವಲ್ಪ ಇಳಿದ ರಾತ್ರಿ ಎದ್ದು ಹೊರಗೆ ಬರುವುದೂ ಉಂಟು.