ಗುಡ್ಡಗಾಡಿನ ಸಂರಕ್ಷಿತ ಪ್ರದೇಶದಲ್ಲಿ, ವಾಹನ ಬಿಡದ ಜಲ್ಲಿ ದಾರಿಯಲ್ಲಿ ಸೈಕಲ್ ತುಳಿಯಲು ಏನೇನು ತಯಾರಿ ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಇಲ್ಲಿಯವರೆಗೆ ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ ತುಳಿದಿದ್ದೀರಿ. 700×40 ಟೈರಿನ ಗ್ರಾವೆಲ್ ಸೈಕಲ್ (ಜಲ್ಲಿ ದಾರಿಗೆಂದು ಮಾಡಿದ್ದು) ಇದೆ, ನಿಮ್ಮ ತೂಕ 70 ಕೆ.ಜಿ. ಒಟ್ಟು 35 ಕಿ.ಮೀ. ಉದ್ದದ, 700 ಮೀಟರ್ ಏರು ಇರುವ ಒಂದು ಸುತ್ತು ಹಾಕಬೇಕೆಂದಿದ್ದೀರಿ. ಜಲ್ಲಿಯ ಏರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ. ಇದಕ್ಕೆ ಬೇರೆ ಸೈಕಲ್ ಕೊಳ್ಳಬೇಕೇ ಎಂದು ಕೇಳಿದ್ದೀರಿ.

ಬೇಡ. ಇರುವ ಸೈಕಲ್ಲೇ ಧಾರಾಳ ಸಾಕು. ನೀವು ಹೇಳಿದ ತೊಂದರೆಯಲ್ಲಿ ದೊಡ್ಡ ಪಾಲು ಟೈರಿನ ಗಾಳಿಯದು. ಉಳಿದದ್ದು ಮೈಭಾರ ಎಲ್ಲಿದೆ, ಬ್ರೇಕ್ ಎಲ್ಲಿ ಹಿಡಿಯುತ್ತೀರಿ ಎಂಬುದರದು. ಗಾಳಿಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ದುಡ್ಡು ಬೇಡ, ಮತ್ತು ಅದು ಸರಿಯಾಗದೆ ಬೇರೆ ಯಾವ ಸಲಹೆಯೂ ಕೈಗೂಡುವುದಿಲ್ಲ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆ ಟೈರು ತಡೆಯಬಲ್ಲ ಮಿತಿ, ತುಂಬಬೇಕಾದ ಅಳತೆಯಲ್ಲ. ಡಾಂಬರಿನ ರೂಢಿಯಲ್ಲಿ 60 ಪಿಎಸ್‌ಐ ತುಂಬಿಕೊಂಡು ಜಲ್ಲಿಗೆ ಇಳಿದರೆ ಪ್ರತಿ ಕಲ್ಲೂ ಚಕ್ರವನ್ನು ಮೇಲಕ್ಕೆ ಎಸೆಯುತ್ತದೆ. ಚಕ್ರ ನೆಲ ಬಿಟ್ಟ ಆ ಗಳಿಗೆಯಲ್ಲಿ ಹಿಡಿತ ಸೊನ್ನೆ. ಏರಿನಲ್ಲಾದರೆ ಖಾಲಿ ಸುತ್ತು, ಇಳಿಜಾರಿನಲ್ಲಾದರೆ ಜಾರು. ಗಾಳಿ ಇಳಿಸಿದಾಗ ಟೈರು ಕಲ್ಲನ್ನು ಹತ್ತಿ ಹಾರದೆ ಅದರ ಸುತ್ತ ಮಡಚಿಕೊಳ್ಳುತ್ತದೆ. ವೇಗವೂ ಕಡಿಮೆಯಾಗುವುದಿಲ್ಲ, ಒರಟು ನೆಲದಲ್ಲಿ ಹೆಚ್ಚಾಗುತ್ತದೆ, ಏಕೆಂದರೆ ನಿಮ್ಮನ್ನು ಮೇಲೆ ಕೆಳಗೆ ಅಲುಗಿಸಲು ವ್ಯರ್ಥವಾಗುತ್ತಿದ್ದ ಶಕ್ತಿ ಉಳಿಯುತ್ತದೆ.

ನಿಮ್ಮ ತೂಕಕ್ಕೆ, 40 ಮಿ.ಮೀ. ಟೈರಿಗೆ, ಟ್ಯೂಬ್‌ಲೆಸ್ ಆಗಿದ್ದರೆ ಹಿಂದೆ 34, ಮುಂದೆ 31 ಪಿಎಸ್‌ಐ ಇಟ್ಟು ಶುರು ಮಾಡಿ. ಟ್ಯೂಬ್ ಇದ್ದರೆ ಎರಡಕ್ಕೂ 4 ಸೇರಿಸಿ. ಆಮೇಲೆ ಅರ್ಧ ಕಿಲೋಮೀಟರಿನಷ್ಟು ಜಲ್ಲಿ ತುಂಡೊಂದನ್ನು ಆರಿಸಿಕೊಂಡು ಅದರಲ್ಲೇ ಓಡಾಡಿ, ಪ್ರತಿ ಸಲ 2 ಪಿಎಸ್‌ಐ ಇಳಿಸುತ್ತಾ ಹೋಗಿ. ಹ್ಯಾಂಡಲ್‌ಬಾರಿನ ನಡುಕ ಇಳಿಯುವುದು ಕೈಗೇ ತಿಳಿಯುತ್ತದೆ. ಒಂದು ಹಂತದಲ್ಲಿ ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲಿದಂತೆ ಅನ್ನಿಸುತ್ತದೆ, ಅಥವಾ ಕಲ್ಲಿಗೆ ರಿಮ್ ಟಣ್ಣೆಂದು ತಾಗುತ್ತದೆ. ಅಲ್ಲಿಂದ 3 ಪಿಎಸ್‌ಐ ಮೇಲಕ್ಕೆ ಬನ್ನಿ. ಅದೇ ನಿಮ್ಮ ಅಂಕಿ, ಬರೆದಿಟ್ಟುಕೊಳ್ಳಿ. ಬೆನ್ನಿಗೆ ಅಥವಾ ಸೈಕಲ್ಲಿಗೆ 5 ಕೆ.ಜಿ. ಸಾಮಾನು ಹೆಚ್ಚಾದರೆ ಹಿಂದಿನ ಟೈರಿಗೆ 1–2 ಪಿಎಸ್‌ಐ ಸೇರಿಸಿದರೆ ಸಾಕು. ನೆಲದ ಮೇಲಿಟ್ಟು ಒತ್ತುವ ಪಂಪಿನ ಮುಳ್ಳು ಈ ಕಡಿಮೆ ಅಳತೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಎರಡು ಪಂಪುಗಳ ನಡುವೆ 5 ಪಿಎಸ್‌ಐ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಪುಟ್ಟ ಡಿಜಿಟಲ್ ಗೇಜ್ ಒಂದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಯಾವಾಗಲೂ ಒಂದೇ ಪಂಪ್ ಬಳಸಿ, ಆಗ ತಪ್ಪಾದರೂ ಒಂದೇ ತಪ್ಪಾಗಿರುತ್ತದೆ.

ಟ್ಯೂಬ್ ಇರುವವರು ಹೆಚ್ಚು ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ. ಪಂಕ್ಚರ್ ಹಾಗೆ ಜೋಡಿಯಾಗಿ ಕಂಡರೆ ಮುಳ್ಳನ್ನು ಹುಡುಕುತ್ತಾ ಕೂರಬೇಡಿ, ಗಾಳಿ ಸಾಲದು ಎಂದೇ ಅರ್ಥ. ಟ್ಯೂಬ್‌ಲೆಸ್‌ನಲ್ಲಿ ಈ ಕಾಟ ತೀರಾ ಕಡಿಮೆ. ಗುಡ್ಡದ ಜಲ್ಲಿಗೆ ಅದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಒಳಗಿನ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಒಣಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಈ ಅಳತೆಯ ಟೈರಿಗೆ 60–80 ಮಿ.ಲೀ. ಬೇಕು, ಎರಡು ಮೂರು ತಿಂಗಳಿಗೊಮ್ಮೆ ವಾಲ್ವಿನ ಒಳಪಿನ್ನು ಬಿಚ್ಚಿ, ತೆಳು ಕಡ್ಡಿ ಇಳಿಸಿ ನೋಡಿ. ಕಡ್ಡಿ ಒದ್ದೆಯಾಗಿ ಬರದಿದ್ದರೆ ಹೊಸದಾಗಿ ಹಾಕುವ ಸಮಯವಾಗಿದೆ.

ಇನ್ನು ದಾರಿಯ ವಿಷಯ. ವಾಹನವಿಲ್ಲದ ಜಲ್ಲಿ ದಾರಿಗಳೆಲ್ಲ ಒಂದೇ ಬಗೆಯವಲ್ಲ. ಆ ದಾರಿಯನ್ನು ಮೊದಲು ಯಾರಿಗಾಗಿ ಕಡಿದರು ಎಂದು ಗೊತ್ತಾದರೆ ಅದರ ಏರಿಳಿತ ಅರ್ಧ ಗೊತ್ತಾದಂತೆ. ಹಳೆಯ ರೈಲು ಹಾದಿಯಾಗಿದ್ದರೆ ಏರು ಸಾಮಾನ್ಯವಾಗಿ ನೂರು ಮೀಟರಿಗೆ 2–3 ಮೀಟರ್ ದಾಟುವುದಿಲ್ಲ, ಎಂಜಿನ್ನಿಗೆ ಅದಕ್ಕಿಂತ ಹತ್ತಲು ಕಷ್ಟ. ಕುದುರೆಗಾಡಿಗೆಂದು ಕಡಿದ ದಾರಿಯೂ ಗುಡ್ಡವನ್ನು ಬಳಸಿ ಬಳಸಿ ಮೆಲ್ಲಗೆ ಏರುತ್ತದೆ. ಅಮೆರಿಕದ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಗಾಡಿದಾರಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಸಿರಿವಂತ ದಾನಿ ಕಿರಿಯ ಜಾನ್ ಡಿ. ರಾಕ್‌ಫೆಲರ್ 1913ರಿಂದ 1940ರವರೆಗೆ ಕಟ್ಟಿಸಿದ ಆ ಜಾಲದ ಸುಮಾರು 72 ಕಿ.ಮೀ. ಉದ್ಯಾನದೊಳಗಿದೆ, ಮೋಟಾರು ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ಒಡೆದ ಕಲ್ಲನ್ನು ಪದರ ಪದರವಾಗಿ ಹಾಸಿ, ನಡುವೆ ತುಸು ಉಬ್ಬಿಸಿ, ಪಕ್ಕದಲ್ಲಿ ಚರಂಡಿ ಕೊಟ್ಟು ಅವನ್ನು ಗಟ್ಟಿಯಾಗಿ ಕಟ್ಟಿದ್ದಾರೆ. ಇದಕ್ಕೆ ವಿರುದ್ಧವಾದದ್ದು ಕಾಳ್ಗಿಚ್ಚು ತಡೆಯಲು ಕಡಿದ ಅರಣ್ಯ ದಾರಿ. ನಾಲ್ಕು ಚಕ್ರಕ್ಕೂ ಎಳೆತ ಇರುವ ಜೀಪಿಗಾಗಿ ಮಾಡಿದ್ದು. ದಿಣ್ಣೆ ಬಂದರೆ ನೇರ ಹತ್ತುತ್ತದೆ, ನೂರಕ್ಕೆ 15 ಏರು ಅಲ್ಲಿ ಅಪರೂಪವಲ್ಲ. ನಕ್ಷೆಯಲ್ಲಿ ಒಟ್ಟು 700 ಮೀಟರ್ ಏರು ಎಂದಷ್ಟೇ ನೋಡಬೇಡಿ, ಅತಿ ಕಡಿದಾದ ಒಂದು ಕಿಲೋಮೀಟರ್ ಎಲ್ಲಿದೆ ಎಂದು ನೋಡಿ.

ಸುತ್ತಿನ ದಿಕ್ಕನ್ನೂ ಆ ಒಂದು ಕಿಲೋಮೀಟರ್ ನೋಡಿಯೇ ನಿರ್ಧರಿಸಿ. ಕಡಿದಾದ, ಸಡಿಲ ಕಲ್ಲಿನ ಪಾಲು ಹತ್ತುವ ಕಡೆ ಬರಲಿ, ಗಟ್ಟಿ ನೆಲದ ನಿಧಾನ ಇಳಿಜಾರು ಇಳಿಯುವ ಕಡೆ ಬರಲಿ. ಹತ್ತಲಾಗದಿದ್ದರೆ ಇಳಿದು ತಳ್ಳಬಹುದು.

ಕಲ್ಲಿನ ಆಕಾರವೂ ಮುಖ್ಯ. ಯಂತ್ರದಲ್ಲಿ ಒಡೆದ, ಮೂಲೆಗಳಿರುವ ಜಲ್ಲಿ ತನ್ನದೇ ಪುಡಿಯ ಜೊತೆ ಸೇರಿ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಹೊಳೆಯಿಂದ ತಂದ ಉರುಟು ಕಲ್ಲು ಎಷ್ಟು ವರ್ಷ ಕಳೆದರೂ ಗೋಲಿ ಚೆಲ್ಲಿದ ನೆಲದಂತೆಯೇ ಇರುತ್ತದೆ. ಒಡೆದ ಜಲ್ಲಿಯಾದರೂ ಹೊಸದಾಗಿ ಹರಡಿದ ಕಡೆ ಕೆಲವು ವಾರ ಸಡಿಲವಾಗಿಯೇ ಇರುತ್ತದೆ. ಸುತ್ತಲಿನ ನೆಲಕ್ಕಿಂತ ಬಣ್ಣ ತಿಳಿಯಾಗಿ, ಪುಡಿ ಇಲ್ಲದೆ ಕಂಡರೆ ಮೊದಲೇ ವೇಗ ಇಳಿಸಿ. ಓಡಾಡಿ ಗಟ್ಟಿಯಾದ ಗೀರು ಸಾಮಾನ್ಯವಾಗಿ ಎರಡಿರುತ್ತದೆ, ನಡುವೆ ಸಡಿಲ ಕಲ್ಲಿನ ದಿಂಡು. ಒಂದು ಗೀರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ದಿಂಡನ್ನು ಓರೆಯಾಗಿ ಸವರಿಕೊಂಡು ಹೋಗಬೇಡಿ, ಮುಂಚಕ್ರ ಅದರಲ್ಲಿ ಹೂತು ಪಕ್ಕಕ್ಕೆ ಎಳೆಯುತ್ತದೆ. ವೇಗ ತಗ್ಗಿಸಿ, ಆದಷ್ಟು ಅಡ್ಡಡ್ಡ ದಾಟಿ, ದಾಟುವಾಗ ಬ್ರೇಕ್ ಮುಟ್ಟಬೇಡಿ.

ಏರಿಗೆ ಗೇರ್ ಲೆಕ್ಕ ಸರಳ. ಪೆಡಲ್ ಬಳಿಯ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನು ಹಿಂಚಕ್ರದ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಉತ್ತರ 1 ಅಥವಾ ಅದಕ್ಕಿಂತ ಕಡಿಮೆ ಬರಬೇಕು. 40ಕ್ಕೆ 44 ಇದ್ದರೆ 0.91, 30ಕ್ಕೆ 34 ಇದ್ದರೆ 0.88, ಎರಡೂ ಚೆನ್ನ. 34ಕ್ಕೆ 28 ಇದ್ದರೆ 1.21 ಆಗುತ್ತದೆ, ಅದು ಡಾಂಬರಿನ ಗೇರು. ವ್ಯತ್ಯಾಸ ಎಷ್ಟೆಂದರೆ, ಸೈಕಲ್ ಸೇರಿ 85 ಕೆ.ಜಿ. ಭಾರವನ್ನು ನೂರಕ್ಕೆ 10ರ ಜಲ್ಲಿ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 200 ವ್ಯಾಟ್ ಬೇಕು. 0.9ರ ಗೇರಿನಲ್ಲಿ ಅದು ನಿಮಿಷಕ್ಕೆ 67 ಸುತ್ತಿನ ಆರಾಮದ ತುಳಿತ, 1.21ರಲ್ಲಿ 50 ಸುತ್ತು. ಸುತ್ತು ನಿಧಾನವಾದಷ್ಟೂ ಪ್ರತಿ ತುಳಿತಕ್ಕೂ ಬಲ ಜಾಸ್ತಿ ಬೇಕು, ಆ ಬಲ ಚಕ್ರಕ್ಕೆ ಹೊಡೆತದಂತೆ ಬಂದು ಜಲ್ಲಿ ಕಿತ್ತು ಹೋಗುತ್ತದೆ. ನಿಮ್ಮ ಚಕ್ರ ನಿಂತಲ್ಲೇ ಸುತ್ತುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಬದಲಿಸುವ ಮೊದಲು ನಿಮ್ಮ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಗರಿಷ್ಠ ಎಷ್ಟು ಹಲ್ಲು ತಡೆಯುತ್ತದೆ ಎಂದು ನೋಡಿಕೊಳ್ಳಿ.

ಹತ್ತುವಾಗ ಎದ್ದು ನಿಲ್ಲಬೇಡಿ. ನಿಂತ ಕೂಡಲೇ ಭಾರ ಮುಂದಕ್ಕೆ ಹೋಗಿ ಹಿಂಚಕ್ರ ಹಗುರಾಗುತ್ತದೆ. ಕೂತೇ ಇರಿ, ಸೀಟಿನ ಮೂತಿಯ ಕಡೆ ಸ್ವಲ್ಪ ಜರುಗಿ, ಮೊಣಕೈ ಬಗ್ಗಿಸಿ ಎದೆ ತಗ್ಗಿಸಿ. ಮುಂಚಕ್ರ ಎತ್ತಿಕೊಳ್ಳುತ್ತಿದ್ದರೆ ಇನ್ನಷ್ಟು ಮುಂದೆ, ಹಿಂಚಕ್ರ ಜಾರುತ್ತಿದ್ದರೆ ತುಸು ಹಿಂದೆ. ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಿ. ಪೂರ್ತಿ ಬಲ ಹಾಕುತ್ತಾ ಬದಲಿಸಿದರೆ ಚೈನು ಜಿಗಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ.

ಇಳಿಜಾರಿಗೆ ಬರೋಣ, ಪೆಟ್ಟಾಗುವುದು ಹೆಚ್ಚಾಗಿ ಇಲ್ಲೇ. ಕೈ ಬಾಗಿದ ಹ್ಯಾಂಡಲ್‌ಬಾರಿನ ಕೆಳಹಿಡಿಯಲ್ಲಿರಲಿ. ಮೇಲಿನ ಹಿಡಿಯಿಂದ ಬ್ರೇಕಿಗೆ ಅಷ್ಟು ಬಲವೂ ಸಿಗದು, ಗುದ್ದು ಬಂದಾಗ ಕೈ ಜಾರುವುದೂ ಉಂಟು. ಒಂದೋ ಎರಡೋ ಬೆರಳು ಮಾತ್ರ ಬ್ರೇಕಿನ ಮೇಲಿರಲಿ. ಎರಡೂ ಪೆಡಲ್ ಸಮನಾಗಿ, ಹಿಮ್ಮಡಿ ತಗ್ಗಿಸಿ, ಸೀಟಿನಿಂದ ಸ್ವಲ್ಪ ಎದ್ದು, ಸೊಂಟ ಹಿಂದಕ್ಕೆ ಒಯ್ದು ನಿಲ್ಲಿ. ಮೊಣಕೈ ಬಿಗಿಯಬೇಡಿ. ಸೈಕಲ್ ನಿಮ್ಮ ಕೆಳಗೆ ತಾನೇ ಕುಣಿಯಲಿ, ಅದನ್ನು ಹಿಡಿದು ನಿಲ್ಲಿಸಲು ಹೋದರೇ ದಾರಿ ತಪ್ಪುತ್ತದೆ.

ವೇಗವನ್ನು ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗಲೇ ಇಳಿಸಿ ಮುಗಿಸಿ. ಟೈರಿಗೆ ಇರುವ ಹಿಡಿತ ಒಂದೇ ಗಂಟು; ನಿಲ್ಲಿಸಲು ಖರ್ಚಾದದ್ದು ತಿರುಗಲು ಸಿಗುವುದಿಲ್ಲ. ವಾಲಿದ ಸೈಕಲ್ಲಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೀಳುವುದು ಬಹುತೇಕ ಖಚಿತ. ಹಾಗೆಂದು ಮುಂದಿನ ಬ್ರೇಕ್ ಬಿಟ್ಟು ಹಿಂದಿನದನ್ನೇ ನಂಬುವುದೂ ತಪ್ಪು, ಅದೊಂದೇ ನಿಮ್ಮನ್ನು ನಿಲ್ಲಿಸಲಾರದು, ಜಾರಿಸುತ್ತಾ ದಾರಿಯಲ್ಲಿ ಗೀರು ಕೊರೆಯುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಶುರು ಮಾಡಿ ಏರಿಸುತ್ತಾ ಹಿಡಿಯಿರಿ. ಮುಂಚಕ್ರ ಜಾರಿತು ಅನ್ನಿಸಿದ ಕ್ಷಣ ಆ ಬ್ರೇಕ್ ಬಿಟ್ಟು, ಚಕ್ರ ಉರುಳಿದ ಮೇಲೆ ಮತ್ತೆ ಹಿಡಿಯಿರಿ. ತಿರುವಿನೊಳಗೆ ಹೊರಗಿನ ಪೆಡಲ್ ಕೆಳಗೆ, ಅದರ ಮೇಲೆ ಭಾರ. ಸೈಕಲ್ಲನ್ನು ವಾಲಿಸಿ, ಮೈಯನ್ನು ಅಷ್ಟು ವಾಲಿಸಬೇಡಿ. ಕಣ್ಣು ತಿರುವಿನ ಆಚೆ ತುದಿಯಲ್ಲಿರಲಿ.

ನೀರು ಹೊರಹಾಕಲು ಗುಡ್ಡದ ದಾರಿಗಳಲ್ಲಿ ಅಡ್ಡಕ್ಕೆ ದಿಮ್ಮಿ, ಕಲ್ಲಿನ ಸಾಲು ಅಥವಾ ತಗ್ಗು ಮಾಡಿರುತ್ತಾರೆ. ಮೇಲಿನಿಂದ ಬರುವವರಿಗೆ ಅವು ಕೊನೆಯ ಗಳಿಗೆಯವರೆಗೆ ಕಾಣುವುದಿಲ್ಲ. ಓರೆಯಾಗಿ ಹೂತ ಒದ್ದೆ ದಿಮ್ಮಿಯ ಮೇಲೆ ಚಕ್ರವನ್ನು ಅಡ್ಡಡ್ಡವಾಗಿ ಹಾಯಿಸದಿದ್ದರೆ ಜಾರಿಬೀಳುತ್ತೀರಿ.

ವಾಹನವಿಲ್ಲ ಎಂದರೆ ದಾರಿ ಖಾಲಿ ಎಂದಲ್ಲ, ಇದನ್ನು ಹೊಸಬರು ಮರೆಯುತ್ತಾರೆ. ನಡೆಯುವವರು, ಮಕ್ಕಳು, ಕೆಲವೆಡೆ ಕುದುರೆ ಸವಾರರು, ಎಲ್ಲಕ್ಕಿಂತ ಮೊದಲು ಅಲ್ಲಿನ ಪ್ರಾಣಿಗಳು ಇರುತ್ತವೆ. ಸಡಿಲ ಜಲ್ಲಿಯಲ್ಲಿ, ಸಮತಟ್ಟಿನಲ್ಲೇ, ಗಂಟೆಗೆ 30 ಕಿ.ಮೀ. ವೇಗದಿಂದ ನಿಲ್ಲಲು ಕಂಡು ಬೆಚ್ಚುವ ಒಂದು ಸೆಕೆಂಡೂ ಸೇರಿ 18–19 ಮೀಟರ್ ಬೇಕು, 20 ಕಿ.ಮೀ. ವೇಗದಲ್ಲಿ 10 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಮರೆಯ ತಿರುವಿನಲ್ಲಿ 10 ಮೀಟರ್ ಮಾತ್ರ ಕಾಣುತ್ತಿದ್ದರೆ ನಿಮ್ಮ ವೇಗ ಅಲ್ಲೇ ತೀರ್ಮಾನವಾಯಿತು. ಹಿಂದಿನಿಂದ ದಾಟುವಾಗ ದೂರದಿಂದಲೇ ಗಂಟೆ ಬಾರಿಸಿ. ಕುದುರೆ ಎದುರಾದರೆ ನಿಂತು, ಇಳಿದು, ದಾರಿಯ ತಗ್ಗಿನ ಬದಿಗೆ ಸರಿದು ಸವಾರರನ್ನು ಮಾತಾಡಿಸಿ; ದನಿ ಕೇಳಿದರೆ ಕುದುರೆಗೆ ನೀವು ಮನುಷ್ಯರೆಂದು ತಿಳಿಯುತ್ತದೆ, ಎತ್ತರದಲ್ಲಿ ಸುಮ್ಮನೆ ನಿಂತದ್ದು ಅದಕ್ಕೆ ಹೊಂಚು ಹಾಕುವ ಮೃಗದಂತೆ ಕಾಣುತ್ತದೆ. ಹತ್ತುತ್ತಿರುವ ಸೈಕಲ್ಲಿಗೆ ಇಳಿಯುವವರು ದಾರಿ ಬಿಡಬೇಕು. ಕಾಡುಪ್ರಾಣಿ ದಾರಿಯಲ್ಲಿದ್ದರೆ ಅದು ತಾನಾಗಿ ಹೋಗುವವರೆಗೆ ದೂರದಲ್ಲೇ ನಿಲ್ಲಿ.

ಹೊರಡುವ ಮೊದಲು ಅಲ್ಲಿನ ನಿಯಮ ಓದಿ: ಯಾವ ದಾರಿಗೆ ಸೈಕಲ್ ಬಿಡುತ್ತಾರೆ, ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಬ್ಯಾಟರಿ ಸೈಕಲ್ಲಿಗೆ ಅವಕಾಶ ಇದೆಯೇ. ಅಗಲದ ಜಲ್ಲಿ ದಾರಿಯಿಂದ ಕವಲೊಡೆಯುವ ಕಾಲುದಾರಿಗಳು ಹಲವೆಡೆ ಸೈಕಲ್ಲಿಗೆ ನಿಷಿದ್ಧ. ಜೋರು ಮಳೆಯ ಮರುದಿನ ಮಣ್ಣು ಹೆಚ್ಚಿರುವ ದಾರಿ ಬೇಡ. ಟೈರಿನ ಗುರುತು ಒಂದು ಬೆರಳಿನಷ್ಟು ಆಳಕ್ಕೆ ಇಳಿಯುತ್ತಿದ್ದರೆ ಹಿಂದಿರುಗಿ. ನಿಮ್ಮ ಗೀರೇ ಮುಂದಿನ ಮಳೆಗೆ ಕಾಲುವೆಯಾಗಿ, ಆಮೇಲೆ ಕೊರಕಲಾಗುತ್ತದೆ. ಟೈರಿಗೆ ಮೆತ್ತಿದ ಮಣ್ಣಿನಲ್ಲಿ ಕಳೆಗಿಡದ ಬೀಜ ಊರಿಂದೂರಿಗೆ ಹೋಗುತ್ತದೆ, ಆದ್ದರಿಂದ ಒಳಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಬ್ರಷ್‌ನಿಂದ ಉಜ್ಜಿ.

ಸಮಯದ ಅಂದಾಜು: ಸರಾಸರಿ ನೂರಕ್ಕೆ 6ರ ಏರು ಎಂದುಕೊಂಡರೆ 700 ಮೀಟರ್ ಹತ್ತಲು ಸುಮಾರು 12 ಕಿ.ಮೀ.; ಗಂಟೆಗೆ 8–9 ಕಿ.ಮೀ. ವೇಗದಲ್ಲಿ ಹತ್ತಿರ ಹತ್ತಿರ ಒಂದೂವರೆ ಗಂಟೆ. ಉಳಿದ 23 ಕಿ.ಮೀ.ಗೆ ಒಂದು ಗಂಟೆ ಹತ್ತು ನಿಮಿಷ. ನಿಲ್ಲುವುದು, ನೋಡುವುದು ಸೇರಿ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಗಂಟೆಗೆ 500–750 ಮಿ.ಲೀ. ನೀರು ಬೇಕು, ಆದ್ದರಿಂದ ಎರಡು ಬಾಟಲಿ ಸಾಲುವುದಿಲ್ಲ. ನಡುವೆ ಕುಡಿಯುವ ನೀರು ಸಿಗುವ ಜಾಗ ಗುರುತಿಸಿ ಅಥವಾ ಮೂರನೆಯದು ಒಯ್ಯಿರಿ. ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡಿರಿ, ಗುಡ್ಡದ ಮಡಿಲಲ್ಲಿ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ.

ಮನೆಯಲ್ಲೇ ಬ್ರೇಕ್ ಪ್ಯಾಡ್ ನೋಡಿ. ಲೋಹದ ತಗಡಿನ ಮೇಲಿನ ಉಜ್ಜುವ ಪದರ 1 ಮಿ.ಮೀ.ಗೆ ಇಳಿದಿದ್ದರೆ ಇಂಥ ಇಳಿಜಾರಿಗೆ ಮೊದಲೇ ಬದಲಿಸಿ. ಹೊಸ ಪ್ಯಾಡ್ ಹಾಕಿದರೆ ಸಮತಟ್ಟು ಜಾಗದಲ್ಲಿ 15–20 ಸಲ ವೇಗದಿಂದ ನಿಧಾನಕ್ಕೆ ಇಳಿಸಿ ಪಳಗಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಇಳಿಜಾರಿನಲ್ಲಿ ಅವು ಸರಿಯಾಗಿ ಕಚ್ಚುವುದಿಲ್ಲ. ಜಲ್ಲಿಯ ನಡುಕಕ್ಕೆ ಬೋಲ್ಟು ಸಡಿಲವಾಗುತ್ತದೆ. ಬಾಟಲಿ ಹಿಡಿಕೆ, ಸೀಟು, ಹ್ಯಾಂಡಲ್‌ಬಾರಿನವು ಮೂರನ್ನೂ ಪರೀಕ್ಷಿಸಿ.

ಜೊತೆಗೆ ಒಯ್ಯಬೇಕಾದದ್ದು: 4, 5, 6 ಮಿ.ಮೀ. ಕೀಲಿ ಮತ್ತು ಟಿ25 (ನಕ್ಷತ್ರದ ಆಕಾರದ ತುದಿಯ ಕೀಲಿ) ಇರುವ ಮಡಚುವ ಉಪಕರಣ, ಚೈನು ಬಿಚ್ಚುವ ಸಲಕರಣೆ, ನಿಮ್ಮ ಚೈನಿಗೆ ಹೊಂದುವ ಜೋಡಿಸುವ ಕೊಂಡಿ, ಪಂಪ್, ರಿಮ್ಮಿನಿಂದ ಟೈರು ಬಿಡಿಸುವ ಎರಡು ಟೈರ್ ಲಿವರ್, ತೂತಿಗೆ ತುರುಕುವ ರಬ್ಬರ್ ಎಳೆ, ಸೀಳಿದ ಟೈರಿನ ಒಳಗೆ ಇಡಲು ದಪ್ಪ ಪಟ್ಟಿ. ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬ್ ಇರಲೇಬೇಕು. ಅದನ್ನು ಹಾಕುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ನಿಧಾನವಾಗಿ ಸವರಿ ನೋಡಿ. ಸೀಲಂಟ್ ಸದ್ದಿಲ್ಲದೆ ಮುಚ್ಚಿದ ಹಳೆಯ ಮುಳ್ಳುಗಳೆಲ್ಲ ಅಲ್ಲೇ ಚುಚ್ಚಿಕೊಂಡಿರುತ್ತವೆ, ಒಂದನ್ನು ಬಿಟ್ಟರೂ ಹೊಸ ಟ್ಯೂಬ್ ಐದು ನಿಮಿಷ ಬಾಳುವುದಿಲ್ಲ.