ಗೆಳೆಯ ಆಯ್ಕೆಯಾದ, ನಾನು ಸ್ಪಿನ್ ಬಿಡಲಾ?

ತಮ್ಮಾ, ಒಂದೇ ಕ್ಲಬ್ಬಿನಲ್ಲಿ ಬೆಳೆದ ಗೆಳೆಯ ವಲಯ ತಂಡಕ್ಕೆ ಆಯ್ಕೆಯಾದ, ಅವನ ಸ್ಟೇಟಸ್ ನೋಡಿದರೂ ಹೊಟ್ಟೆ ಉರಿಯುತ್ತೆ, ಬೌಲಿಂಗ್ ಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಆ ಉರಿ ಎಲ್ಲರಿಗೂ ಆಗುತ್ತೆ, ಅದಕ್ಕೆ ನಾಚಿಕೆಯೂ ಬೇಡ.

ಗದಗಿನ ಕ್ರಿಕೆಟಿಗ ಸುನಿಲ್ ಜೋಶಿ ಅವರನ್ನು ನೋಡು. ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದರು. ಒಂದು ಕಡೆಗೇ ಸುಮಾರು 60 ಕಿಲೋಮೀಟರ್! ಕರ್ನಾಟಕ ತಂಡದಲ್ಲಿ ಅವರ ಜೊತೆಗಾರ ಯಾರು ಗೊತ್ತಲ್ವಾ? ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದ ಸ್ಪಿನ್ನರ್ ಅನಿಲ್ ಕುಂಬ್ಳೆ. ಜೋಶಿ ಅವರಿಗೆ ಸಿಕ್ಕಿದ್ದು ಬರೀ 15 ಟೆಸ್ಟ್. ಆದರೂ ತಮ್ಮ ಎಡಗೈ ಸ್ಪಿನ್ ಕೈಬಿಡಲಿಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ಪಂದ್ಯದಲ್ಲಿ 10 ಓವರ್, 6 ಮೇಡನ್ (ಅಂದರೆ ಒಂದೂ ರನ್ ಕೊಡದ ಓವರ್), 6 ರನ್, 5 ವಿಕೆಟ್. ಈ ಲೆಕ್ಕವನ್ನು ಇನ್ನೊಮ್ಮೆ ಓದು.

ನಾಳೆ ಗುಡ್ ಲೆಂಗ್ತ್ ಜಾಗದಲ್ಲಿ, ಅಂದರೆ ಮುಂದೆ ಬಂದು ಆಡಲೋ ಹಿಂದೆ ಸರಿದು ಆಡಲೋ ಅಂತ ಬ್ಯಾಟರ್‌ಗೆ ಗೊಂದಲ ಆಗೋ ಹಾಗೆ ಚೆಂಡು ಬೀಳಬೇಕಾದ ಜಾಗದಲ್ಲಿ, ಒಂದು ಕರವಸ್ತ್ರ ಹಾಸು. 60 ಎಸೆತ ಹಾಕು. ಎಷ್ಟು ಅದರ ಮೇಲೆ ಬಿತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆ. ನಮ್ಮ ಹುಡುಗರಿಗೂ ನಾನು ಇದನ್ನೇ ಮಾಡಿಸೋದು. ಮೊದಲ ದಿನ ಏಳೋ ಎಂಟೋ ಬಿದ್ದರೆ ಬೇಜಾರಾಗಬೇಡ, ಅದೇ ಜಾಸ್ತಿ. ತಿಂಗಳಾದ ಮೇಲೆ ಮೊದಲ ಪುಟ ತೆಗೆದು ಅದರ ಜೊತೆ ಹೋಲಿಸಿಕೋ, ಗೆಳೆಯನ ಜೊತೆ ಅಲ್ಲ.

ಅವನ ಸ್ಟೇಟಸ್ ನೋಡ್ತಾ ಸುಮ್ನೆ ಕೊರಗೋ ಬದಲು ಒಂದು ಫೋನ್ ಮಾಡು. ಆಯ್ಕೆಯಲ್ಲಿ ಏನೇನು ನೋಡಿದರು ಅಂತ ಕೇಳು. ಖಂಡಿತ ಹೇಳ್ತಾನೆ. ಮೊದಲ ವಾರದ ಲೆಕ್ಕ ಇಲ್ಲೇ ಹಾಕು, ನಾನು ನೋಡ್ತೀನಿ.